ಬನಶಂಕರೆವ್ವನ ಯಕೃತ್ತೂ ನೂರಾ ಎಂಟು ಪಲ್ಯವೂ

ಬನಶಂಕರೆವ್ವ ದೂರ ಪ್ರಯಾಣ ಮಾಡಿದವಳಲ್ಲ. ಬೆಟಗೇರಿಯ ನೇಕಾರ ಓಣಿಯಲ್ಲಿ ಹುಟ್ಟಿದಳು, ಅದೇ ಓಣಿಯಲ್ಲಿ ಏಳು ಮನೆ ದಾಟಿ ಗೋಪಣ್ಣನ ಹೆಂಡತಿಯಾಗಿ ಹೋದಳು. ತವರಿನ ಒಗ್ಗರಣೆಯ ವಾಸನೆ ಗಂಡನ ಮನೆಗೆ ಬರುವಷ್ಟು ಹತ್ತಿರ. ಆದರೆ ಅವಳ ಯಕೃತ್ತಿನ ಎರಡು ಎಳೆಗಳು ಮಾತ್ರ ಹುಬ್ಬಳ್ಳಿಯ ಒಂದು ವೈದ್ಯಕೀಯ ಕಾಲೇಜಿನಲ್ಲಿ ನೆಲೆಸಿವೆ. ಸೂಜಿಯಿಂದ ತೆಗೆದದ್ದು. ಬೆರಳ ಗೆಣ್ಣಿನಷ್ಟು ಉದ್ದ, ನೂಲಿನಷ್ಟು ತೆಳ್ಳಗೆ. ಸೊನ್ನೆಗಿಂತ ಎಂಬತ್ತು ಡಿಗ್ರಿ ಕೆಳಗಿನ ಚಳಿಯಲ್ಲಿ, ಹೆಸರಿನ ಬದಲು ನಂಬರು ಹಚ್ಚಿಸಿಕೊಂಡು, ಪುಟ್ಟ ಡಬ್ಬಿಗಳಲ್ಲಿ ಕುಳಿತಿವೆ.

“ನಾ ಇಲ್ಲಿ ಬ್ಯಾಸಗಿ ಬಿಸಲಾಗ ಬೇಯಾಕತ್ತೀನಿ,” ಎನ್ನುತ್ತಾಳೆ ಅವಳು. “ಅವೆರಡು ಮಾತ್ರ ಗೌಡರ ಸೊಸಿಯಂಗ ತಣ್ಣಗ ಕುಂತಾವ ನೋಡವಾ.”

ಅವು ಅಲ್ಲಿಗೆ ಹೇಗೆ ಹೋದವು ಎನ್ನುವುದು ಒಂದು ಕಥೆ. ನಮ್ಮ ಓಣಿಯ ಬನಶಂಕರಿ ಗುಡಿಯ ಪಲ್ಯದ ಹಬ್ಬ ಇನ್ನೊಂದು ಕಥೆ. ಎರಡನ್ನೂ ಬೇರೆ ಬೇರೆಯಾಗಿ ಹೇಳಲು ನೋಡಿದೆ, ಆಗಲಿಲ್ಲ.

ಬನದ ಹುಣ್ಣಿಮೆಯ ಹಿಂದಿನ ದಿನ ತಾಯಿಗೆ ನೂರಾ ಎಂಟು ಬಗೆಯ ಪಲ್ಯ ನೈವೇದ್ಯ ಮಾಡುವುದು ನಮ್ಮಲ್ಲಿ ನಡೆದುಬಂದದ್ದು. ಹೇಳಲು ಚೆಂದ. ಮಾಡಲು ಕುಳಿತರೆ ಗೊತ್ತಾಗುತ್ತದೆ. ಬೆಂಡಿ, ಚವಳಿ, ಹೀರಿ, ಪುಂಡಿ, ರಾಜಗಿರಿ ಎಂದು ಹುಮ್ಮಸ್ಸಿನಲ್ಲಿ ಅರವತ್ತರ ತನಕ ಓಡಬಹುದು. ಎಪ್ಪತ್ತಕ್ಕೆ ಏದುಸಿರು ಬರುತ್ತದೆ. ಎಂಬತ್ತು ದಾಟಿದ ಮೇಲೆ ಭಕ್ತಿ ಇಳಿದು ಉಪಾಯ ಏರುತ್ತದೆ. ಬಿಳಿ ಬದನೆ ಒಂದು, ನೇರಳೆ ಬದನೆ ಒಂದು. ಹೆಚ್ಚಿದ ಸೌತೆ ಒಂದು, ತುರಿದ ಸೌತೆ ಒಂದು. ನೂರಕ್ಕೆ ಬಂದು ನಿಂತಾಗ ಹೆಂಗಸರೆಲ್ಲ ಬನಶಂಕರೆವ್ವನ ಮುಖ ನೋಡುತ್ತಾರೆ. ಕೊನೆಯ ಎಂಟು ಅವಳವು. ಮೂವತ್ತು ವರ್ಷದಿಂದ ಅವಳವೇ. ಕಲ್ಲಂಗಡಿಯ ಸಿಪ್ಪೆ, ಕುಂಬಳದ ಹೂವು, ನುಗ್ಗೆಯ ಚಿಗುರು, ಹುಣಸೆಯ ಎಳೆ ಎಲೆ, ಹೀಗೆ ಯಾರೂ ತರಕಾರಿ ಎಂದು ಲೆಕ್ಕಕ್ಕೆ ಹಿಡಿಯದ್ದನ್ನು ಉಡಿಯಲ್ಲಿ ಕಟ್ಟಿಕೊಂಡು ಬರುತ್ತಾಳೆ. ಆ ಎಂಟು ಬಟ್ಟಲು ಇಟ್ಟ ಮೇಲೆಯೇ ಪೂಜಾರಿ ಗಂಟೆ ಬಾರಿಸುವುದು. ಓಣಿಯಲ್ಲಿ ಅವಳಿಗೆ ಬೇರೆ ಯಾವ ಪದವಿಯೂ ಇಲ್ಲ. ಇದೊಂದೇ.

ಅಡುಗೆಯ ಯಜಮಾನಿಕೆ ಸಾವಿತ್ರೆವ್ವನದು. ಬನಶಂಕರೆವ್ವನಿಗಿಂತ ನಾಲ್ಕು ವರ್ಷ ಹಿರಿಯಳು, ಗುಡಿಯ ಪಂಚರಲ್ಲೊಬ್ಬರ ಹೆಂಡತಿ. ಯಾವ ಸಾಲಿನಲ್ಲಿಯೂ ಎರಡನೆಯವಳಾಗಿ ನಿಂತದ್ದಿಲ್ಲ. ನಳದ ನೀರಿರಲಿ, ಪ್ರಸಾದವಿರಲಿ, ಮೊದಲು ಸಾವಿತ್ರೆವ್ವ, ಅವಳ ಬೆನ್ನಿಗೆ ಬನಶಂಕರೆವ್ವ. ಇದನ್ನು ನೆನಪಿನಲ್ಲಿಡಿ, ಮುಂದೆ ಬೇಕಾಗುತ್ತದೆ.

ಎರಡು ವರ್ಷದ ಹಿಂದೆ ಶ್ರಾವಣದಲ್ಲಿ ಬನಶಂಕರೆವ್ವನಿಗೆ ಮಗ್ಗದ ಮೇಲೆ ಹರಿದ ಎಳೆ ಕಾಣದಾಯಿತು. ಕಣ್ಣಿಗೆ ಪೊರೆ ಬಂದಿತ್ತು. ಮಗ ಸುನಿಲಕುಮಾರ ಮುಂಡರಗಿಯಲ್ಲಿ ನಡೆದ ಕಣ್ಣಿನ ಶಿಬಿರಕ್ಕೆ ಕರೆದುಕೊಂಡು ಹೋದ. ಆಪರೇಶನ್ನಿಗೆ ಮುಂಚೆ ರಕ್ತ ನೋಡುವುದು ಅಲ್ಲಿಯ ಪದ್ಧತಿ. ಬೆರಳು ಚುಚ್ಚಿ ಒಂದು ಹನಿಯನ್ನು ಪ್ಲಾಸ್ಟಿಕ್ಕಿನ ಪುಟ್ಟ ಪಟ್ಟಿಯ ಮೇಲೆ ಹಾಕಿದರು. ಒಂದು ಗೆರೆ ಬಂದಿದ್ದರೆ ಚಿಂತೆಯಿರಲಿಲ್ಲ. ಎರಡು ಬಂದವು. ಹೆಪಟೈಟಿಸ್ ಸಿ ಎಂಬ ವೈರಸ್ಸು, ಯಕೃತ್ತಿನಲ್ಲಿ ಮನೆ ಮಾಡಿದೆ, ಬಂದು ಇಪ್ಪತ್ತು ಮೂವತ್ತು ವರ್ಷವೇ ಆಗಿರಬಹುದು ಎಂದರು. ಕಣ್ಣಿನ ಪೊರೆ ತೆಗೆದು, ಇದನ್ನು ಹುಬ್ಬಳ್ಳಿಯಲ್ಲಿ ತೋರಿಸಿ ಎಂದು ಕಳಿಸಿದರು.

“ಕಣ್ಣು ತೋರಿಸಾಕ ಹೋದ್ರ ಲಿವರ್ ಹಿಡಕೊಂಡ್ರು,” ಎಂದು ಅವಳು ಈಗಲೂ ಗೊಣಗುತ್ತಾಳೆ. “ಮೂವತ್ತು ವರ್ಷ ನನ್ನೊಳಗ ಇದ್ದಾನಂತ. ಒಂದು ಮಾತು ಹೇಳಿಲ್ಲ, ಕೇಳಿಲ್ಲ. ಸ್ವಂತ ಗಂಡನೂ ಅಷ್ಟು ಸುಮ್ಮನ ಇರಲಿಲ್ಲ.”

ಗಂಡ ಗೋಪಣ್ಣನಿಗೆ ಯಕೃತ್ತಿನ ರೋಗವೆಂದರೆ ಕಾಮಾಲೆ ಒಂದೇ. ಅವಳ ಕಣ್ಣು ಹಳದಿಯಾಗಿರಲಿಲ್ಲ, ಹೊಟ್ಟೆ ನೋವಿರಲಿಲ್ಲ, ಜ್ವಾಳದ ರೊಟ್ಟಿ ಮೂರು ಇಳಿಯುತ್ತಿದ್ದವು. ಆದರೂ ಅವನು ಬೆಳ್ಳಟ್ಟಿಯಲ್ಲಿ ಕಾಮಣಿ ಇಳಿಸುವವರೊಬ್ಬರು ಇದ್ದಾರೆಂದು ಎಳೆದುಕೊಂಡು ಹೋದ. ಅಲ್ಲಿಯ ಮುದುಕ ಅವಳ ಅಂಗೈಗೆ ಏನೋ ಸೊಪ್ಪಿನ ರಸ ಹಚ್ಚಿ, ಸುಣ್ಣದ ತಿಳಿನೀರಿನಲ್ಲಿ ಕೈ ತೊಳೆಸಿದ. ನೀರು ಅರಿಷಿಣದ ಬಣ್ಣಕ್ಕೆ ತಿರುಗಿತು.

“ನೋಡವಾ, ಇಳಿಯಾಕತ್ತೈತಿ ಕಾಮಣಿ,” ಎಂದ ಮುದುಕ.

ಬನಶಂಕರೆವ್ವ ಹದಿನೈದು ವರ್ಷ ಮನೆಯಲ್ಲಿಯೇ ನೂಲಿಗೆ ಬಣ್ಣ ಹಾಕಿದವಳು. ಯಾವುದಕ್ಕೆ ಸುಣ್ಣ ಬೆರೆತರೆ ಯಾವ ಬಣ್ಣ ಏಳುತ್ತದೆಂದು ಅವಳಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಅದೇ ರಸವನ್ನು ಗೋಪಣ್ಣನ ಕೈಗೆ ಹಚ್ಚಿ ಇನ್ನೊಂದು ಬೋಗುಣಿಯಲ್ಲಿ ತೊಳೆಸಿದಳು. ಅದೂ ಹಳದಿ.

“ಅಯ್ಯ, ಇವರಿಗೂ ಐತಲ್ಲ! ಅಜ್ಜಾರ, ನೀವೂ ಒಂದೀಟು ಕೈ ತೊಳೀರಿ, ನೋಡೋಣು.”

ಮುದುಕ ತೊಳೆಯಲಿಲ್ಲ. ಹೊರಗಿನ ದಾರಿ ತೋರಿಸಿದ. ಅವನು ಮೊದಲೇ ಕಟ್ಟಿಕೊಟ್ಟಿದ್ದ ನೆಲನೆಲ್ಲಿ ಗಿಡದ ಕಟ್ಟನ್ನು ಮಾತ್ರ ಅವಳು ಬಿಡಲಿಲ್ಲ. ಕೊಟ್ಟದ್ದನ್ನು ಬಿಟ್ಟು ಬರುವ ಜಾತಿಯವಳಲ್ಲ. ಮನೆಗೆ ತಂದು ತುಳಸಿಕಟ್ಟೆಯ ಬುಡದಲ್ಲಿ ಎಸೆದಳು, ಮರೆತಳು.

ಆಮೇಲೆ ಹುಬ್ಬಳ್ಳಿ. ಅಲ್ಲಿ ಸಿಕ್ಕವಳು ಡಾಕ್ಟರ್ ವಿದ್ಯಾಶ್ರೀ. ಮುಂಡರಗಿಯ ಹುಡುಗಿ, ಯಕೃತ್ತಿನ ಬಗ್ಗೆ ಸಂಶೋಧನೆ ಮಾಡುತ್ತಿದ್ದಳು. ಮೂರು ತಿಂಗಳು ದಿನಾ ಗುಳಿಗೆ ನುಂಗಿದರೆ ಈ ವೈರಸ್ಸು ಹೋಗುತ್ತದೆ ಎಂದಾಗ ಬನಶಂಕರೆವ್ವನಿಗೆ ಸಮಾಧಾನವಾಯಿತು. ಅಷ್ಟರಲ್ಲಿ ವಿದ್ಯಾಶ್ರೀ ಒಂದು ಒಪ್ಪಿಗೆ ಪತ್ರ ತೆಗೆದು ಓದತೊಡಗಿದಳು. “ಪಿತ್ತಜನಕಾಂಗದ ಅಂಗಾಂಶದಲ್ಲಿ ವಂಶವಾಹಿಗಳ ಅಭಿವ್ಯಕ್ತಿ…”

“ಡಾಕ್ಟರವ್ವಾ, ಇದು ನನ್ನ ಹೊಟ್ಟಿಯೊಳಗಿನ ಮಾತೋ, ಪಂಚಾಂಗದಾಗಿನ ಮಾತೋ?”

“ಅವ್ವಾರ, ಇದನ್ನ ಬರದಾವರಿಗೂ ಅಷ್ಟ ಅನುಮಾನ ಇತ್ತಂತ ಕಾಣ್ತೈತಿ. ಬಿಡ್ರಿ, ನಾ ಹೇಳ್ತೀನಿ,” ಎಂದು ಅವಳು ಕಾಗದ ಮಡಿಚಿಟ್ಟಳು. “ವೈರಸ್ ಇರೂವಾಗ ನಿಮ್ಮ ಲಿವರಿಂದು ಒಂದು ಎಳಿ ತಗೋತೀನಿ. ಗುಳಿಗಿ ಮುಗದು, ಅಂವ ಹೋಗಿ, ಕೆಲವು ತಿಂಗಳಾದ ಮ್ಯಾಲ ಇನ್ನೊಂದು ಎಳಿ. ಅಂವ ಇದ್ದಾಗ ಲಿವರ್ ಯಾವ ಕೆಲಸ ಮಾಡ್ತಿತ್ತು, ಯಾವುದನ್ನ ಬಿಟ್ಟಿತ್ತು, ಹೋದ ಮ್ಯಾಲ ಮೊದಲಿನಂಗ ಆಕ್ಕೈತೇನು, ಇಷ್ಟ ನೋಡೂದು. ಕೊಡಲೇಬೇಕಂತಿಲ್ಲ. ಕೊಡದಿದ್ರೂ ಗುಳಿಗಿ ಸಿಗ್ತಾವ.”

ಅವಳು ಕೊಟ್ಟಳು. ಯಾಕೆ ಕೊಟ್ಟೆ ಎಂದು ನಾನು ಕೇಳಿದ್ದೆ. ಮಗ್ಗದ ಲಾಳಿಯನ್ನು ಒಮ್ಮೆ ಆಚೆಗೆ ದಾಟಿಸಿದಳು. “ಅರವತ್ತರ ಹತ್ರ ಬಂದೀನಿ. ನಿನ್ನೊಳಗ ಏನೈತಿ ಬನಶಂಕರೆವ್ವ ಅಂತ ಯಾರೂ ಕೇಳಿರಲಿಲ್ಲ. ಆ ಹುಡುಗಿ ಕೇಳಿದಳು.”

ಗುಳಿಗೆ ಶುರುವಾಗುವ ಹೊತ್ತಿಗೆ ಸುದ್ದಿ ಓಣಿಯ ಆ ತುದಿ ಮುಟ್ಟಿತ್ತು. ಮನೆಯಲ್ಲಿ ಸೊಸೆ ಕಲ್ಪನಾ ಅತ್ತೆಯ ತಂಬಿಗೆಯ ಕೊರಳಿಗೆ ಕೆಂಪು ನೂಲು ಕಟ್ಟಿದಳು, ಗುರುತಿಗೆ. ಒಟ್ಟಿಗೆ ಉಂಡರೆ, ಮುಟ್ಟಿದರೆ ಇದು ಬರುವುದಿಲ್ಲ, ರಕ್ತಕ್ಕೆ ರಕ್ತ ಸೇರಿದರೆ ಮಾತ್ರ ಎಂದು ಡಾಕ್ಟರು ಹೇಳಿದ್ದು ಅವಳಿಗೂ ಗೊತ್ತಿತ್ತು.

“ಡಾಕ್ಟರ್ ಹೇಳ್ಯಾರ ಖರೆ ಅತ್ತಿ,” ಎಂದಳು ಕಲ್ಪನಾ, ನೆಲ ನೋಡುತ್ತ. “ಆದ್ರ ಮನಿಗೆ ಬರೂ ಮಂದಿಗೆ ಡಾಕ್ಟರ್ ಹೇಳಿಲ್ಲಲ್ಲ.”

ಬನದ ಹುಣ್ಣಿಮೆ ಹತ್ತಿರ ಬಂದಾಗ ಸಾವಿತ್ರೆವ್ವ ಬಾಗಿಲಿಗೇ ಬಂದು ನಿಂತಳು. ಒಳಗೆ ಬರಲಿಲ್ಲ.

“ಏ ಬನಶಂಕರೀ, ನಿನ್ನ ರಕ್ತದಾಗ ದೋಷ ಐತಂತ. ಈ ವರ್ಷ ನೈವೇದ್ಯಕ್ಕ ಕೈ ಹಚ್ಚಬ್ಯಾಡ. ಹೊರಗ ಕಟ್ಟಿ ಮ್ಯಾಲ ಕುಂಡ್ರು.”

“ನಾ ಪಲ್ಲೆಕ್ಕ ರಕ್ತದ ಒಗ್ಗರಣಿ ಕೊಡ್ತೀನೇನ ಸಾವಿತ್ರಕ್ಕ?”

“ಮಾತಿಗೆ ಮಾತು ಬ್ಯಾಡ. ದೇವರ ಕೆಲಸ.”

ಹಬ್ಬದ ದಿನ ಬನಶಂಕರೆವ್ವ ಗುಡಿಯ ಹೊರಗಟ್ಟೆಯ ಮೇಲೆ ಕುಳಿತಳು. ನಾನು ಒಳಗಿದ್ದೆ. ಎಣಿಕೆ ತೊಂಬತ್ತೈದರ ತನಕ ಸರಾಗವಾಗಿ ಬಂತು. ಆಮೇಲೆ ಕುಂಟಿತು. ನೂರಾ ಮೂರಕ್ಕೆ ನಿಂತೇಬಿಟ್ಟಿತು. ಸಾವಿತ್ರೆವ್ವ ಸೌತೆಕಾಯಿಯ ಬಟ್ಟಲನ್ನು ಮೂರನೆಯ ಸಲ ಎಣಿಸಲು ಹೊರಟಾಗ ಯಾರೋ ಕೆಮ್ಮಿದರು. ಪೂಜಾರಿ ಅತ್ತಿತ್ತ ನೋಡಿ, ಎಲ್ಲರೂ ಒಮ್ಮೆಲೇ ಮಾತಾಡುತ್ತಿದ್ದ ಗದ್ದಲದಲ್ಲಿ ಗಂಟೆ ಬಾರಿಸಿಬಿಟ್ಟ. ತಾಯಿ ಎಣಿಸುವುದಿಲ್ಲ ಎಂದು ನನ್ನ ನಂಬಿಕೆ. ಹೆಂಗಸರು ಎಣಿಸುತ್ತಾರೆ. ಹೊರಗಟ್ಟೆಯ ಮೇಲೆ ಕುಳಿತವಳು ಬೆರಳು ಮಡಿಚಿ ಎಣಿಸುತ್ತಿದ್ದುದನ್ನು ನಾನು ಕಿಟಕಿಯಿಂದ ನೋಡಿದೆ.

ಗುಳಿಗೆ ಮುಗಿಯಿತು. ಮುಗಿದು ಮೂರು ತಿಂಗಳಾದ ಮೇಲೆ ಹುಬ್ಬಳ್ಳಿಯಲ್ಲಿ ಮತ್ತೆ ರಕ್ತ ನೋಡಿ, ವೈರಸ್ಸು ಒಂದೂ ಇಲ್ಲ, ಗುಣವಾಗಿದೆ ಎಂದರು. ಆ ಕಾಗದವನ್ನು ಅವಳು ಸಾವಿತ್ರೆವ್ವನ ಮುಂದೆ ಹಿಡಿದಳು.

“ಹಾಳಿ ಮ್ಯಾಲ ಯಾರು ಏನರೆ ಬರೀತಾರ,” ಎಂದಳು ಸಾವಿತ್ರೆವ್ವ. “ಅವತ್ತು ಮುಂಡರಗ್ಯಾಗ ಎರಡು ಗೆರಿ ಬಂದಿದ್ವು ಹೌದಿಲ್ಲೋ? ಒಂದು ಗೆರಿ ತಂದು ತೋರಿಸು. ನಿನ್ನ ಎಂಟು ಬಟ್ಟಲ ನಿನಗ.”

ನ್ಯಾಯವಾದ ಮಾತೇ ಎನ್ನಿಸಿತು ಎಲ್ಲರಿಗೂ. ಸುನಿಲಕುಮಾರ ಯಾರನ್ನೂ ಕೇಳದೆ ತಾಯಿಯನ್ನು ಗದಗಿನ ಒಂದು ಲ್ಯಾಬಿಗೆ ಕರೆದೊಯ್ದು ಅದೇ ಪಟ್ಟಿಯ ಪರೀಕ್ಷೆ ಮಾಡಿಸಿದ. ಮತ್ತೆ ಎರಡು ಗೆರೆ, ಮೊದಲಿನಷ್ಟೇ ಠಾಕುಠೀಕಾಗಿ.

ಬನಶಂಕರೆವ್ವ ಅವತ್ತು ಮಗ್ಗಕ್ಕೆ ಇಳಿಯಲಿಲ್ಲ. ಮೂರು ತಿಂಗಳು ಒಂದು ದಿನವೂ ತಪ್ಪಿಸದೆ ನುಂಗಿದ ಗುಳಿಗೆ, ಹುಬ್ಬಳ್ಳಿಯ ಬಸ್ಸು, ಹೊಟ್ಟೆಗೆ ಚುಚ್ಚಿಸಿಕೊಂಡ ಸೂಜಿ, ಎಲ್ಲ ಸುಳ್ಳೆನಿಸಿತು. ಹಬ್ಬಕ್ಕೆ ಆರು ವಾರವಿತ್ತು. ಎರಡನೆಯ ಎಳೆ ಕೊಡಲು ಬನ್ನಿ ಎಂದು ವಿದ್ಯಾಶ್ರೀಯ ಫೋನ್ ಬಂದದ್ದೂ ಅವತ್ತೇ.

“ಎರಡನೇದಿಲ್ಲ,” ಎಂದಳು ಬನಶಂಕರೆವ್ವ. “ಪಟ್ಟಿ ಮ್ಯಾಲ ಮತ್ತ ಎರಡು ಗೆರಿ ಬಂದಾವ. ಮೊದಲನೇದನ್ನೂ ಬಸ್ಸಿಗೆ ಹಾಕಿ ವಾಪಸ್ ಕಳಸ್ರಿ. ಕಂಡಕ್ಟರನ ಕೈಯಾಗ ಕೊಟ್ರ ನಮ್ಮ ಹುಡುಗ ಇಸಕೋತಾನ.”

ಎಳೆ ಬರಲಿಲ್ಲ, ಮುಂದಿನ ಭಾನುವಾರ ವಿದ್ಯಾಶ್ರೀಯೇ ಬಂದಳು. ಡಾಕ್ಟರೊಬ್ಬಳು ನೇಕಾರ ಓಣಿಗೆ ಮನೆ ಹುಡುಕಿಕೊಂಡು ಬಂದಳೆಂದರೆ ಕೇಳಬೇಕೆ. ಹತ್ತು ನಿಮಿಷದಲ್ಲಿ ಬಾಗಿಲು ತುಂಬ ಹೆಂಗಸರು. ಎಲ್ಲರಿಗಿಂತ ಮುಂದೆ ಸಾವಿತ್ರೆವ್ವ. ಬನಶಂಕರೆವ್ವ ಕುಣಿಮಗ್ಗದ ತಗ್ಗಿನಲ್ಲಿ ಕಾಲು ಇಳಿಬಿಟ್ಟು ಕುಳಿತಿದ್ದಳು, ಏಳಲಿಲ್ಲ.

“ಅವ್ವಾರ, ನಿಮಗ ಯಾರು ಆ ಪಟ್ಟಿ ಪರೀಕ್ಷೆ ಮಾಡಿಸ್ಕೊ ಅಂದ್ರು?” ವಿದ್ಯಾಶ್ರೀ ನೆಲಕ್ಕೇ ಕುಳಿತಳು. “ಅದು ವೈರಸ್ಸನ್ನ ಹುಡುಕೂದಿಲ್ಲ. ವೈರಸ್ ಬಂದಾಗ ನಿಮ್ಮ ಮೈ ಇಟ್ಟ ಕಾವಲುಗಾರರನ್ನ ಹುಡುಕ್ತೈತಿ. ಕಳ್ಳ ಹೋದ್ರೂ ಕಾವಲುಗಾರರು ಮನಿಗೆ ಹೋಗೂದಿಲ್ಲ. ಆ ಎರಡನೇ ಗೆರಿ ನಿಮ್ಮ ಜೀವ ಇರೂತನಕ ಬರ್ತೈತಿ. ವೈರಸ್ ಐತೋ ಇಲ್ಲೋ ಅಂತ ನೋಡೂ ಪರೀಕ್ಷೆ ಬ್ಯಾರೆ. ಅದರಾಗ ನಿಮ್ಮದು ಸೊನ್ನೆ.”

“ಅಂದ್ರ ಇವಳು ಸತ್ರೂ ಒಂದು ಗೆರಿ ತೋರಿಸಾಕ ಆಗೂದಿಲ್ಲ?” ಸಾವಿತ್ರೆವ್ವ ಕೇಳಿದಳು.

“ಆಗೂದಿಲ್ಲರಿ.”

“ಮೊದಲ ಹೇಳಬೇಕಿತ್ತು,” ಎಂದಳು ಬನಶಂಕರೆವ್ವ.

“ಹೌದು, ನಂದ ತಪ್ಪು,” ವಿದ್ಯಾಶ್ರೀ ಒಪ್ಪಿಕೊಂಡಳು. ಡಾಕ್ಟರರು ಹೀಗೆ ಅನ್ನುವುದನ್ನು ನಾವು ಯಾರೂ ಕೇಳಿರಲಿಲ್ಲ. ಬನಶಂಕರೆವ್ವನ ಮುಖ ಅಲ್ಲಿಗೇ ಅರ್ಧ ಸಡಿಲಾಯಿತು.

“ಕಳ್ಳ ಹೋಗ್ಯಾನ ಅಂತೀರಿ, ಮತ್ತ ಎರಡನೇ ಎಳಿ ಯಾಕ ಬೇಕು ನಿಮಗ?”

“ಮೂವತ್ತು ವರ್ಷ ಮನ್ಯಾಗ ಇದ್ದಾವ ಏನೇನು ಹೊಂದಿಸಿಟ್ಟು ಹೋಗ್ಯಾನ ನೋಡಬ್ಯಾಡ್ರಿ?” ಅವಳು ಮಗ್ಗದ ಮೇಲೆ ಸಾಲಾಗಿ ತೂಗುತ್ತಿದ್ದ, ತೂತು ಹೊಡೆದ ರಟ್ಟಿನ ಪಟ್ಟಿಗಳನ್ನು ನೋಡುತ್ತಿದ್ದಳು. “ಇವೇನು ಅವ್ವಾರ?”

“ಜಕಾರ್ಡಿನ ಪಟ್ಟಿ. ಎಲ್ಲಿ ತೂತೈತಿ ಅಲ್ಲಿ ಕೊಕ್ಕಿ ಏಳ್ತೈತಿ, ಕೊಕ್ಕಿಗೆ ಕಟ್ಟಿದ ದಾರ ಎಳಿಯನ್ನ ಎತ್ತತೈತಿ, ಸೀರಿ ಮ್ಯಾಲ ಹೂವಿನ ಬುಟ್ಟಾ ಬೀಳ್ತೈತಿ. ತೂತಿಲ್ಲಂದ್ರ ಇಲ್ಲ.”

“ನಮ್ಮ ಮೈಯಾಗೂ ಇಂಥ ಪಟ್ಟಿ ಅದಾವ್ರಿ. ಜೀನ್ ಅಂತಾರ. ಕಣ್ಣಿಗೂ ಅವ ಪಟ್ಟಿ, ಲಿವರಿಗೂ ಅವ ಪಟ್ಟಿ. ಆದ್ರ ಲಿವರಿನಾಗ ಕೆಲವು ಎಳಿ ಏಳ್ತಾವ, ಕೆಲವು ಏಳೂದಿಲ್ಲ. ವೈರಸ್ ಬಂದು ಕುಂತ್ರ ಆ ಏಳೂದು ಬೀಳೂದು ಎಲ್ಲಾ ಅದಲುಬದಲು ಆಕ್ಕೈತಿ.”

“ಪಟ್ಟಿ ಹರೀತಾನೇನು?”

“ಇಲ್ಲ. ಪಟ್ಟಿ ಇದ್ದಂಗ ಇರ್ತೈತಿ.”

ಬನಶಂಕರೆವ್ವ ನಕ್ಕಳು. ವಾರದ ಮೇಲೆ ಮೊದಲ ಸಲ. “ಪಟ್ಟಿ ಮುಟ್ಟದ ಬುಟ್ಟಾ ಬೀಳದಂಗ ಮಾಡಾಕ ನನಗೂ ಬರ್ತೈತಿ,” ಎಂದವಳೇ ಕಾಲ ಬುಡದ ಕಸದಿಂದ ಎರಡು ಬೆರಳುದ್ದದ ತುಂಡು ನೂಲು ಹೆಕ್ಕಿದಳು. ಕೊಕ್ಕೆಯಿಂದ ಇಳಿದ ನಾಲ್ಕು ದಾರಗಳನ್ನು ಒಟ್ಟು ಹಿಡಿದು, ಪಕ್ಕದ ಕಟ್ಟಿಗೆಗೆ ಸೇರಿಸಿ ಆ ತುಂಡಿನಿಂದ ಬಿಗಿದಳು. ಕಾಲುಮಣೆ ತುಳಿದಳು. ಪಟ್ಟಿ ತಿರುಗಿತು, ಉಳಿದ ಎಳೆ ಎದ್ದವು. ಆ ನಾಲ್ಕು ಮಾತ್ರ ಏಳಲಿಲ್ಲ. ಲಾಳಿ ಹೋಗಿ ಬಂತು. ಹೂವಿನ ಒಂದು ದಳ ಮಾಯವಾಗಿತ್ತು.

“ದಡಿ ಒಳಗ ಹೂವು ಸಣ್ಣದು ಬೇಕು ಅಂತ ಗಿರಾಕಿ ಹೇಳಿದ್ರ ಹೊಸ ಪಟ್ಟಿ ಯಾರು ಹೊಡಸ್ತಾರ? ನಾವೆಲ್ಲಾ ಹಿಂಗ ಮಾಡೂದು.”

ಬಾಗಿಲಲ್ಲಿದ್ದ ಹೆಂಗಸರೆಲ್ಲ ತಲೆಯಾಡಿಸಿದರು. ವಿದ್ಯಾಶ್ರೀ ಮಾತ್ರ ಆ ತುಂಡು ನೂಲನ್ನೇ ನೋಡುತ್ತಿದ್ದಳು.

“ಅವ್ವಾರ, ಇದಕ್ಕ ಏನಂತಾರ ಗೊತ್ತೇನ್ರಿ? ಮೈಕ್ರೋ ಆರ್‌ಎನ್‌ಎ.”

“ಇದಕ್ಕ ಕಸ ಅಂತಾರ.”

“ಭಾಳ ದಿವಸ ನಮ್ಮವರೂ ಇಂಥಾ ತುಂಡನ್ನ ಲಕ್ಷ್ಯಕ್ಕ ತಗೊಂಡಿರಲಿಲ್ಲ. ಪಟ್ಟಿಗೂ ಬಟ್ಟಿಗೂ ನಡುವ ಇರೂ ದಾರಕ್ಕ ಹೋಗಿ ಸುತ್ತಿಕೊಂಡು, ಆ ಕೆಲಸ ಆಗದಂಗ ಮಾಡ್ತಾವ ಅವು. ಲಿವರಿನಾಗ ಒಂದು ಜಾತಿದು ವಿಪರೀತ ಇರ್ತಾವ. ಅದರ ನಂಬರು ನೂರಾ ಇಪ್ಪತ್ತೆರಡು.”

“ನೂರಾ ಎಂಟು ದಾಟಿಸ್ಯಾರ ಹಂಗಾರ!” ಬನಶಂಕರೆವ್ವ ಸಾವಿತ್ರೆವ್ವನ ಕಡೆ ಓರೆಗಣ್ಣು ಬಿಟ್ಟಳು. “ನೂರಾ ಮೂರಕ್ಕ ನಿಂತಿಲ್ಲ.”

ಸಾವಿತ್ರೆವ್ವ ಸೆರಗು ಸರಿಮಾಡಿಕೊಂಡಳು.

“ಈ ವೈರಸ್ ಭಾಳ ಕಿಲಾಡಿ,” ವಿದ್ಯಾಶ್ರೀ ಮುಂದುವರಿಸಿದಳು. “ಅಂವ ಅಂದ್ರ ಒಂದು ಎಳಿ, ಅಷ್ಟ. ತುದಿ ಬಿಚ್ಚಿಕೊಂಡ್ರ ಪೂರಾ ಹಾಳಾಗಿ ಹೋಗ್ತಾನ. ಅದಕ್ಕ ನಿಮ್ಮ ಆ ನೂರಾ ಇಪ್ಪತ್ತೆರಡರ ತುಂಡನ್ನ ಎತ್ತಿಕೊಂಡು ತನ್ನ ತುದಿಗೆ ಕಟ್ಟಿಕೋತಾನ. ಒಂದಲ್ಲ, ಎರಡು.”

“ನನ್ನ ನೂಲು?” ಬನಶಂಕರೆವ್ವನ ದನಿ ಏರಿತು. “ನನ್ನ ನೂಲು ತಗೊಂಡು ತನ್ನ ಸೆರಗಿಗೆ ಗಂಟು ಹಾಕ್ಕೊಂಡು ಕುಂತಿದ್ನೇನು ಆ ಭಾಡ್ಯಾ?”

ರೋಗದ ಸುದ್ದಿ ಕೇಳಿದಾಗ ಅವಳಿಗೆ ಇಷ್ಟು ಸಿಟ್ಟು ಬಂದಿರಲಿಲ್ಲ. ಒಬ್ಬರ ಮಗ್ಗದ ಬುಡದಿಂದ ಇನ್ನೊಬ್ಬರು ನೂಲೆತ್ತುವುದು ನಮ್ಮ ಓಣಿಯಲ್ಲಿ ಕ್ಷಮೆಯಿಲ್ಲದ ತಪ್ಪು. “ಅಂವ ಹೋದ ಮ್ಯಾಲ ಅವೆಲ್ಲಾ ಗಂಟು ಬಿಚ್ಚತಾವೇನು?” ಎಂದು ಕೇಳಿದಳು.

“ಈತನಕ ನೋಡಿದವರದು ಭಾಳಷ್ಟು ಬಿಚ್ಚ್ಯಾವ. ಕೆಲವು ಹಂಗ ಉಳದಾವ. ಯಾಕ ಉಳೀತಾವ, ಖರೆ ಹೇಳಬೇಕಂದ್ರ ನನಗ ಗೊತ್ತಿಲ್ಲ. ಗೊತ್ತಿದ್ರ ನಿಮ್ಮ ಹೊಟ್ಟಿಗೆ ಮತ್ತ ಸೂಜಿ ಯಾಕ ಚುಚ್ಚತಿದ್ದೆ?”

ಆಗ ಸಾವಿತ್ರೆವ್ವ ಬಾಯಿ ತೆರೆದಳು. ತೆರೆಯದಿದ್ದರೆ ಚೆನ್ನಾಗಿತ್ತೇನೋ. “ಅದೆಲ್ಲಾ ಇರಲಿ. ಇಡೀ ಓಣ್ಯಾಗ ಯಾರಿಗೂ ಇಲ್ಲದ್ದು ಇವಳಿಗೊಬ್ಬಾಕಿಗೆ ಎಲ್ಲಿಂದ ಬಂತು?”

“ರಕ್ತ ಹಾಕಿಸ್ಕೊಂಡಿದ್ರೇನು ಅವ್ವಾರ? ಇಲ್ಲಾ ಹಳೇ ಸೂಜಿ?” ವಿದ್ಯಾಶ್ರೀ ಬನಶಂಕರೆವ್ವನನ್ನು ಕೇಳಿದಳು.

ಬನಶಂಕರೆವ್ವ ತಟ್ಟನೆ ಮಗ್ಗದ ಹಲಗೆಯ ಮೇಲೆ ಕೈ ಬಡಿದಳು. ಗುರುವಾರದ ಕಂಪೌಂಡರನನ್ನು ನಾವು ಎಲ್ಲರೂ ಮರೆತಿದ್ದೆವು. ಮೂವತ್ತು ವರ್ಷದ ಹಿಂದೆ ಲಕ್ಷ್ಮೇಶ್ವರದ ಕಡೆಯಿಂದ ಬಸ್ಸಿನಲ್ಲಿ ಬರುತ್ತಿದ್ದ ಪುಣ್ಯಾತ್ಮ, ಈಗ ತೀರಿಕೊಂಡಿದ್ದಾನೆ. ಗುಡಿಯ ಕಟ್ಟೆಯ ಮೇಲೆ ಒಂದು ಸ್ಟೋವು, ಒಂದು ಚಹಾದ ಪಾತ್ರೆ, ಅದರಲ್ಲಿ ಕುದಿನೀರು, ಒಂದೇ ಸೂಜಿ. ದಿನವಿಡೀ ಕುಣಿಯಲ್ಲಿ ಕುಳಿತವರಿಗೆ ಬೆನ್ನುನೋವು ತಪ್ಪಿದ್ದಲ್ಲ. ಗುಳಿಗೆಯನ್ನು ನಮ್ಮ ಓಣಿ ಔಷಧವೆಂದೇ ಒಪ್ಪುತ್ತಿರಲಿಲ್ಲ. ಚುಚ್ಚಿದರೇ ಗುಣ. ಗುರುವಾರ ಬಂತೆಂದರೆ ಹೆಂಗಸರು ತಲೆ ಬಾಚಿಕೊಂಡು, ಎಲೆಅಡಿಕೆ ಹಾಕಿಕೊಂಡು ಸಾಲು ನಿಲ್ಲುತ್ತಿದ್ದರು. ನೋವಿಲ್ಲದವರೂ ಬರುತ್ತಿದ್ದರು. ಎಲ್ಲರೂ ಮಾಡಿಸಿಕೊಳ್ಳುವಾಗ ತಾನೊಬ್ಬಳು ಬಿಟ್ಟರೆ ಹೇಗೆ?

“ಸಾಲಿನಾಗ ಮೊದಲು ಯಾರು ನಿಂದರತಿದ್ರು?” ಎಂದಳು ಬನಶಂಕರೆವ್ವ ಮೆಲ್ಲಗೆ. “ಮೊದಲು ಸಾವಿತ್ರಕ್ಕ. ಅವಳ ಬೆನ್ನಿಗೆ ನಾನು. ಅದ ಸೂಜಿ.”

ಬಾಗಿಲಲ್ಲಿದ್ದ ಒಬ್ಬೊಬ್ಬರೂ ತಮ್ಮ ಜಾಗ ಎಷ್ಟನೆಯದಿತ್ತೆಂದು ಮನಸ್ಸಿನಲ್ಲಿ ಎಣಿಸಿಕೊಳ್ಳುತ್ತಿದ್ದರು.

“ಒಲಿ ಮ್ಯಾಲ ಹಾಲ ಇಟ್ಟ ಬಂದೀನಿ,” ಎಂದು ಸಾವಿತ್ರೆವ್ವ ಹೊರಟುಹೋದಳು.

ಡಾಕ್ಟರಿಗೆ ಚಹಾ ಕೊಡುವಾಗ ಕಲ್ಪನಾ ಅತ್ತೆಗೂ ತಂಬಿಗೆಯಲ್ಲಿ ನೀರು ತಂದಿಟ್ಟಳು. ತಂಬಿಗೆಯ ಕೊರಳಿನಲ್ಲಿ ಕೆಂಪು ನೂಲಿರಲಿಲ್ಲ. ಬನಶಂಕರೆವ್ವ ನೋಡಿದಳು, ನೀರು ಕುಡಿದಳು, ಎರಡನೆಯ ಎಳೆ ಕೊಡಲು ಶುಕ್ರವಾರ ಬರುತ್ತೇನೆಂದು ಡಾಕ್ಟರಿಗೆ ಹೇಳಿದಳು.

ಮೂರನೆಯ ದಿನ ಸಾವಿತ್ರೆವ್ವ ಶಿರಹಟ್ಟಿಗೆ ಹೋಗಿ ಬಂದಳು. ಮಠದ ದರ್ಶನಕ್ಕೆ ಎಂದು ಹೇಳಿ ಹೋಗಿದ್ದಳು. ಶಿರಹಟ್ಟಿ ಮಠಕ್ಕೆ ಹೋದವರು ಪ್ರಸಾದದ ಪೊಟ್ಟಣವಿಲ್ಲದೆ ಬರುವುದಿಲ್ಲ. ಅವಳು ಬರಿಗೈಯಲ್ಲಿ ಬಂದು ಬಾಗಿಲು ಮುಂದೆ ಮಾಡಿಕೊಂಡಳು. ಓಣಿಯಲ್ಲಿ ಇದನ್ನು ಗಮನಿಸಿದವಳು ಒಬ್ಬಳೇ. ಸಂಜೆ ಬನಶಂಕರೆವ್ವ ಒಂದು ಬಟ್ಟಲು ಮೊಸರು ಕೇಳುವ ನೆಪದಲ್ಲಿ ಅವಳ ಮನೆಗೆ ಹೋದಳು. ಅಲ್ಲಿ ಆದ ಮಾತನ್ನು ಇಬ್ಬರೂ ಬೇರೆ ಬೇರೆಯಾಗಿ ನನಗೆ ಹೇಳಿದ್ದಾರೆ, ಎರಡೂ ಒಂದೇ ಆಗಿವೆ. ಬರೆಯಲು ಅಪ್ಪಣೆ ಕೊಟ್ಟವಳೂ ಸಾವಿತ್ರೆವ್ವನೇ. “ಹೆಸರು ಹಾಕಿ ಬರಿ. ಅರ್ಧ ಮರ್ಧ ಬರದ್ರ ಮಂದಿ ಇನ್ನೂ ಕೆಟ್ಟದ್ದು ತಿಳಕೋತಾರ.”

“ಪ್ರಸಾದ ಎಲ್ಲಿ ಸಾವಿತ್ರಕ್ಕ?”

“ಮುಗದಿತ್ತು.”

“ಮಠದಾಗೋ, ಆಸ್ಪತ್ರ್ಯಾಗೋ?”

ಸಾವಿತ್ರೆವ್ವ ಗಡಿಗೆ ತೆಗೆದು ಬಟ್ಟಲಿಗೆ ಮೊಸರು ತುಂಬಿದಳಂತೆ. “ಎರಡು ಗೆರಿ ಬಂದಾವ,” ಎಂದಳು ಕೊನೆಗೆ.

“ಬರಲಿ. ನನಗೂ ಎರಡ ಅದಾವು. ಅವರು ಕಾವಲುಗಾರರು ಅಂತ ಡಾಕ್ಟರವ್ವ ಹೇಳಿದ್ಲಲ್ಲ. ಕಳ್ಳ ಅದಾನೋ ಇಲ್ಲೋ ನೋಡೂ ಪರೀಕ್ಷೆ ಹುಬ್ಬಳ್ಯಾಗ. ಶುಕ್ರವಾರ ನನ್ನ ಎಳಿ ಕೊಡಾಕ ಹೊಂಟೀನಿ. ಬಾ.”

“ಯಾರಿಗರೆ ಹೇಳಿದಿ ಅಂದ್ರ—”

“ಹೇಳಬೇಕಂದಿದ್ರ ಮೊಸರ ಕೇಳಾಕ ಬರ್ತಿದ್ನೇನ?”

ಶುಕ್ರವಾರ ಇಬ್ಬರೂ ಬಸ್ಸು ಹತ್ತಿದರು. ಕಿಟಕಿಯ ಸೀಟು ಸಾವಿತ್ರೆವ್ವನದೇ. ಒಬ್ಬಳು ಹೊಟ್ಟೆಗೆ ಸೂಜಿ ಹಾಕಿಸಿಕೊಂಡಳು, ಇನ್ನೊಬ್ಬಳು ಕೈಗೆ. ಸಾವಿತ್ರೆವ್ವನ ರಕ್ತದಲ್ಲಿ ವೈರಸ್ಸಿತ್ತು. ಗುಳಿಗೆ ಶುರುವಾಯಿತು. ಅದನ್ನು ಅವಳು ಎಲೆಅಡಿಕೆಯ ಚೀಲದಲ್ಲಿ, ಸುಣ್ಣದ ಡಬ್ಬಿಯ ಕೆಳಗೆ ಬಚ್ಚಿಟ್ಟಳು.

ಹಬ್ಬಕ್ಕೆ ನಾಲ್ಕು ದಿನ ಇದ್ದಾಗ ಸಾವಿತ್ರೆವ್ವ ಬನಶಂಕರೆವ್ವನ ಮನೆಗೆ ಹಿತ್ತಲಿನಿಂದ ಬಂದಳು. “ನಾ ಮಾಡಿದ ನೇಮ ನನಗೂ ಹತ್ತತೈತಿ. ಈ ವರ್ಷ ಮೊಣಕಾಲು ನೋವು ಅಂತ ಹೇಳಿ ಹೊರಗ ಕುಂಡ್ರತೀನಿ.”

“ಪಲ್ಲೆ ಹೆಚ್ಚೂದು ಕೈಲೆ, ಮೊಣಕಾಲಲೆ ಅಲ್ಲ. ನೀ ಹೊರಗ ಕುಂತ್ರ ಒಳಗ ಬೈಯೂವರು ಯಾರು? ಅಡಿಗಿ ಆಗೂದ ಇಲ್ಲ.”

“ಮತ್ತ ನನ್ನ ರಕ್ತ?”

“ಅದನ್ನ ಪಲ್ಲೆಕ್ಕ ಹಾಕಬ್ಯಾಡ.”

ಮರುದಿನ ಗುಡಿಯಲ್ಲಿ ಹೆಂಗಸರೆಲ್ಲ ಸೇರಿದಾಗ ಸಾವಿತ್ರೆವ್ವ ಎದ್ದುನಿಂತು, ನಿನ್ನೆ ತನ್ನ ಕನಸಿನಲ್ಲಿ ತಾಯಿ ಬಂದಿದ್ದಳು ಎಂದಳು. ಹೋದ ವರ್ಷ ಐದು ಪಲ್ಯ ಕಡಿಮೆ ಉಂಡೆ, ಬನಶಂಕರೆವ್ವನನ್ನು ಒಳಗೆ ಕರೆ ಎಂದಳಂತೆ. ಕೆಲವರು ಕೈ ಮುಗಿದರು. ಗುರುವಾರದ ಸಾಲು ಎಲ್ಲರಿಗೂ ನೆನಪಿತ್ತು, ಯಾರಿಗೂ ಎದುರಾಡುವ ಧೈರ್ಯವಿರಲಿಲ್ಲ.

ತಾಯಿಯ ಹೆಸರಿನಲ್ಲಿ ಸುಳ್ಳು ಹೇಳಬಹುದೇ ಎಂದು ನಾನು ಆಮೇಲೆ ಬನಶಂಕರೆವ್ವನನ್ನು ಕೇಳಿದೆ. ನನಗೆ ನಿಜವಾಗಿಯೂ ಕಳವಳವಾಗಿತ್ತು.

“ಸುಳ್ಳು ಅಂತ ನಿನಗ ಹೆಂಗ ಗೊತ್ತು?” ಎಂದಳು. “ಐದು ಕಡಿಮಿ ಇದ್ದದ್ದು ಖರೆ ಐತಲ್ಲ.”

ಹಬ್ಬದ ದಿನ ಇಬ್ಬರೂ ಅಕ್ಕಪಕ್ಕ ಕುಳಿತರು. ಸಾವಿತ್ರೆವ್ವ ಎಂದಿನಂತೆ ಎಲ್ಲರನ್ನೂ ಬೈದಳು. ನೂರಕ್ಕೆ ಎಣಿಕೆ ನಿಂತಿತು. ಬನಶಂಕರೆವ್ವ ಉಡಿ ಬಿಚ್ಚಿದಳು. ಬಾಳೆಯ ದಿಂಡು, ಕುಂಬಳದ ಹೂವು, ಮೂಲಂಗಿಯ ಎಳೆಗಾಯಿ, ಒಂದೊಂದೇ ಒಲೆ ಹತ್ತಿ ಇಳಿದವು. ನೂರಾ ಏಳು. ಕೊನೆಯದಕ್ಕೆಂದು ಹೇಳಿಟ್ಟಿದ್ದ ನುಗ್ಗೆಯ ಚಿಗುರನ್ನು ಊರಾಚೆಯ ಮರದಿಂದ ಕಿತ್ತು ತರಲು ಗೋಪಣ್ಣ ಮರೆತಿದ್ದ. ಅವಳು ಅವನನ್ನು ಬೈಯಲೂ ಇಲ್ಲ. ಮನೆಗೆ ಓಡಿ, ತುಳಸಿಕಟ್ಟೆಯ ಬುಡದಲ್ಲಿ ಬೀಜ ಬಿದ್ದು ತಾನೇ ಚಿಗುರಿ ಹಬ್ಬಿದ್ದ ಬೆಳ್ಳಟ್ಟಿಯ ನೆಲನೆಲ್ಲಿಯನ್ನು ಒಂದು ಹಿಡಿ ಕಿತ್ತು ತಂದಳು. ತೊಳೆದಳು, ಹೆಚ್ಚಿದಳು, ಬೆಳ್ಳುಳ್ಳಿಯಿಲ್ಲದ ಒಗ್ಗರಣೆ ಕೊಟ್ಟಳು.

“ಇದು ಪಲ್ಲೇನ?” ಸಾವಿತ್ರೆವ್ವ ಬಟ್ಟಲಿನೊಳಗೆ ಇಣುಕಿದಳು. “ಇದು ಕಾಮಣಿ ಔಷಧ.”

“ಔಷಧಕ್ಕ ಬರಲಿಲ್ಲ, ಎಣಿಕಿಗೆ ಬಂತು. ಎಣಿಸು.”

ಸಾವಿತ್ರೆವ್ವ ಒಮ್ಮೆ ಬಟ್ಟಲನ್ನು ನೋಡಿದಳು, ಒಮ್ಮೆ ತಾಯಿಯನ್ನು ನೋಡಿದಳು. ಆಮೇಲೆ ಓಣಿಯ ಆ ತುದಿಗೆ ಕೇಳುವ ಹಾಗೆ ಕೂಗಿದಳು: “ನೂರಾ ಎಂಟು!”

ಪೂಜಾರಿ ಈ ಸಲ ಅತ್ತಿತ್ತ ನೋಡದೆ ಗಂಟೆ ಬಾರಿಸಿದ.

ಊಟಕ್ಕೆ ಕುಳಿತಾಗ ಆ ಕೊನೆಯ ಪಲ್ಯವನ್ನು ಮೊದಲು ಬಾಯಿಗೆ ಹಾಕಿಕೊಂಡವಳು ಸಾವಿತ್ರೆವ್ವ. ಮುಖ ಕಿವುಚಿದಳು. ಬನಶಂಕರೆವ್ವನ ಕಿವಿಯ ಹತ್ತಿರ ಬಾಗಿ, “ಏನ್ ಕಹಿ ಐತಿ ಇದು! ಇದನ್ನ ತಿಂದ್ರ ಅಂವ ಹೆದರಿ ತಾನ ಓಡಿ ಹೋಗ್ತಾನ,” ಎಂದಳು.

“ಓಡೂದಿಲ್ಲ. ಇವತ್ತಿನ ಗುಳಿಗಿ ತಗೊಂಡಿಯೇನು?”

ಸಾವಿತ್ರೆವ್ವ ಸೊಂಟದಿಂದ ಎಲೆಅಡಿಕೆಯ ಚೀಲ ತೆಗೆದಳು. ಬನಶಂಕರೆವ್ವ ತನ್ನ ತಂಬಿಗೆಯನ್ನು ಅವಳ ಕಡೆಗೆ ಸರಿಸಿದಳು.